ಪದಸಂಗ್ರಹದಿಂದ ಪದಪ್ರಜ್ಞೆಗೆ: ಪಾವ್ಲೊ ಫ್ರೇರೆ ಅವರ ಶಿಕ್ಷಣ ಚಿಂತನೆ – ಒಂದು ಜಾನಪದೀಯ ಅವಲೋಕನ

ಜಾನಪದ ಕ್ಷೇತ್ರಕಾರ್ಯದಲ್ಲಿ ತೊಡಗಿದವರೆಲ್ಲ ಒಂದಲ್ಲ ಒಂದು ಸಲ ಎದುರಿಸಿರಬಹುದಾದ ಸಂದರ್ಭವೊಂದಿದೆ. ಹಳ್ಳಿಯ ಜಗುಲಿಯಲ್ಲಿ ರಾತ್ರಿಯಿಡೀ ಕುಳಿತು ಬರೆದುಕೊಂಡ ಹಾಡುಗಳು ಕೆಲವು ವರ್ಷಗಳ ನಂತರ ಅಚ್ಚಾಗುತ್ತವೆ. ಪುಸ್ತಕದ ಒಂದು ಪ್ರತಿಯನ್ನು ಹಾಡಿದಾಕೆಯ ಕೈಗೆ ಕೊಟ್ಟಾಗ ಆಕೆ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಡುತ್ತಾಳೆ. ಅದರಲ್ಲಿರುವುದು ಆಕೆಯದೇ ಮಾತು. ಆದರೆ ಅದನ್ನು ಓದಲು ಆಕೆಗೆ ಬಾರದು. ಸಂಶೋಧಕನಿಗೆ ಪದವಿ ದೊರೆಯುತ್ತದೆ, ಗ್ರಂಥಾಲಯಕ್ಕೆ ಗ್ರಂಥ ದೊರೆಯುತ್ತದೆ. ಮಾತಿನ ಒಡತಿಗೆ ದೊರೆತದ್ದೇನು ಎಂಬ ಪ್ರಶ್ನೆಗೆ ನಮ್ಮ ಶಿಸ್ತಿನಲ್ಲಿ ಇನ್ನೂ ಸಮರ್ಪಕವಾದ ಉತ್ತರವಿಲ್ಲ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬ್ರೆಜಿಲ್ ದೇಶದ ಶಿಕ್ಷಣ ತತ್ವಚಿಂತಕ ಪಾವ್ಲೊ ಫ್ರೇರೆ (1921–1997) ಅವರ ಬದುಕು ಮತ್ತು ವಿಚಾರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಫ್ರೇರೆ ಅವರನ್ನು ಸಾಮಾನ್ಯವಾಗಿ ಶಿಕ್ಷಣಶಾಸ್ತ್ರ ಹಾಗೂ ರಾಜಕೀಯ ಚಿಂತನೆಯ ನೆಲೆಯಿಂದ ಓದಲಾಗಿದೆ. ಆದರೆ ಅವರ ಸಾಕ್ಷರತಾ ವಿಧಾನದ ಮೊದಲ ಹೆಜ್ಜೆ ಪಾಠವಲ್ಲ, ಜನರ ಮಾತಿನ ಸಂಗ್ರಹ. ಆ ಸಂಗ್ರಹವನ್ನು ಅವರು ಕಪಾಟಿಗೆ ಸೇರಿಸದೆ, ಆಡಿದವರಿಗೇ ಅಕ್ಷರರೂಪದಲ್ಲಿ ಮರಳಿ ಒಪ್ಪಿಸಿದರು. ಜನರ ನುಡಿಗೆ ಕಿವಿಗೊಟ್ಟ ಕಡೆ ಅವರ ವಿಧಾನ ಫಲಿಸಿತು, ಆ ನುಡಿ ಬದಿಗೆ ಸರಿದ ಕಡೆ ಸೋತಿತು ಎಂಬುದು ಈ ಲೇಖನದ ಪ್ರತಿಪಾದನೆ.

ಹಿತ್ತಿಲಿನ ಅಕ್ಷರ

ಫ್ರೇರೆ ಜನಿಸಿದ್ದು 1921ರ ಸೆಪ್ಟೆಂಬರ್ 19ರಂದು, ಈಶಾನ್ಯ ಬ್ರೆಜಿಲ್‌ನ ಪೆರ್ನಾಂಬುಕೊ ಪ್ರಾಂತದ ರೆಸೀಫೆ ನಗರದಲ್ಲಿ. ಕಬ್ಬಿನ ತೋಟಗಳೂ ಆಲೆಮನೆಗಳೂ ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಪ್ರದೇಶವದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1888ರಲ್ಲಿ, ಅಂದರೆ ಫ್ರೇರೆ ಹುಟ್ಟುವುದಕ್ಕೆ ಕೇವಲ 33 ವರ್ಷ ಮೊದಲು. ತೋಟದ ಒಡೆಯನ ಮುಂದೆ ಬಾಯಿ ತೆರೆಯದೆ ಬದುಕುವ ಅಭ್ಯಾಸ ತಲೆಮಾರುಗಳಿಂದ ಇಳಿದು ಬಂದಿತ್ತು. ಮುಂದೆ ಫ್ರೇರೆ ಇದನ್ನೇ 'ಮೌನ ಸಂಸ್ಕೃತಿ' ಎಂದು ಕರೆದರು.

ತಾವು ಓದುಬರಹ ಕಲಿತದ್ದು ಮನೆಯ ಹಿತ್ತಿಲಿನ ಮಾವಿನ ಮರದ ನೆರಳಿನಲ್ಲಿ ಎಂದು ಅವರು ಹಲವೆಡೆ ನೆನೆದಿದ್ದಾರೆ. ನೆಲವೇ ಹಲಗೆ, ಒಣಕಡ್ಡಿಯೇ ಬಳಪ. ತಂದೆತಾಯಿ ಬರೆಯಿಸಿದ್ದು ದೊಡ್ಡವರ ಲೋಕದ ಪದಗಳನ್ನಲ್ಲ, ಮಗುವಿನ ಲೋಕದ ಪದಗಳನ್ನು. 1929ರ ಜಾಗತಿಕ ಆರ್ಥಿಕ ಕುಸಿತ ಈ ಮಧ್ಯಮವರ್ಗದ ಕುಟುಂಬವನ್ನೂ ತಟ್ಟಿತು. 1930ರ ದಶಕದ ಆರಂಭದಲ್ಲಿ ಕುಟುಂಬ ರೆಸೀಫೆಯನ್ನು ತೊರೆದು ಸಮೀಪದ ಜಬೊವಾತಾಂವ್ ಪಟ್ಟಣಕ್ಕೆ ಹೋಯಿತು. 1934ರಲ್ಲಿ ತಂದೆ ತೀರಿಕೊಂಡರು. ಹೊಟ್ಟೆಗಿಲ್ಲದಿದ್ದರೂ ಮನೆಯಲ್ಲಿದ್ದ ಪಿಯಾನೊವನ್ನು ಮಾರಲಿಲ್ಲ. ವರ್ಗದ ಗುರುತನ್ನು ಉಳಿಸಿಕೊಳ್ಳುವ ಹಂಬಲ ಅದರಲ್ಲಿತ್ತು ಎಂದು ಅವರೇ ನಂತರ ವಿಶ್ಲೇಷಿಸಿದ್ದಾರೆ. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ ಎಂಬುದು ಅವರಿಗೆ ಗ್ರಂಥಗಳಿಂದ ತಿಳಿದ ಸಂಗತಿಯಾಗಿರಲಿಲ್ಲ. ಜಬೊವಾತಾಂವ್‌ನಲ್ಲಿ ಕೂಲಿಕಾರರ ಮಕ್ಕಳೊಡನೆ ಆಡುತ್ತ ಅವರು ಎರಡು ವರ್ಗಗಳ ಎರಡು ಬಗೆಯ ಮಾತನ್ನು ಹತ್ತಿರದಿಂದ ಕೇಳಿದರು.

ರೆಸೀಫೆಯಲ್ಲಿ ಕಾನೂನು ಓದಿದ ಫ್ರೇರೆ ವಕೀಲಿಯನ್ನು ಆರಂಭದಲ್ಲಿಯೇ ಕೈಬಿಟ್ಟರು. ಸಾಲ ತೀರಿಸಲಾಗದ ಯುವ ದಂತವೈದ್ಯನೊಬ್ಬನ ವಿರುದ್ಧ ವಸೂಲಿಗೆ ನಿಲ್ಲಬೇಕಾಗಿ ಬಂದ ಮೊದಲ ಪ್ರಕರಣವೇ ಕೊನೆಯದೂ ಆಯಿತು. 1944ರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ ಎಲ್ಜಾ ಅವರನ್ನು ವಿವಾಹವಾದರು. ತಮ್ಮನ್ನು ಶಿಕ್ಷಣದತ್ತ ತಿರುಗಿಸಿದವರಲ್ಲಿ ಪತ್ನಿಯೇ ಮುಖ್ಯರೆಂದು ಫ್ರೇರೆ ಕೊನೆಯವರೆಗೂ ಸ್ಮರಿಸಿದ್ದಾರೆ.

ಕೂಲಿಕಾರ ಕಲಿಸಿದ ಪಾಠ

1940ರ ದಶಕದ ಉತ್ತರಾರ್ಧದಿಂದ ಸುಮಾರು ಹತ್ತು ವರ್ಷ ಫ್ರೇರೆ ಕೈಗಾರಿಕಾ ಕಾರ್ಮಿಕರ ಸಮಾಜಸೇವಾ ಸಂಸ್ಥೆಯ ಶಿಕ್ಷಣ ವಿಭಾಗದಲ್ಲಿ ದುಡಿದರು. ಈ ಅವಧಿಯ ಒಂದು ಘಟನೆಯನ್ನು ಅವರು 1992ರಲ್ಲಿ ಪ್ರಕಟವಾದ 'ಭರವಸೆಯ ಶಿಕ್ಷಣಶಾಸ್ತ್ರ' ಎಂಬ ಕೃತಿಯಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಮಕ್ಕಳನ್ನು ಹೊಡೆದು ಬೆಳೆಸುವುದು ಸರಿಯಲ್ಲವೆಂದು ಅವರು ತಂದೆತಾಯಂದಿರ ಸಭೆಯೊಂದರಲ್ಲಿ ಮನೋವಿಜ್ಞಾನದ ಆಧಾರ ಸಹಿತ ಉಪನ್ಯಾಸ ನೀಡಿದರು. ಮಾತು ಮುಗಿದ ಮೇಲೆ ಕೂಲಿಕಾರನೊಬ್ಬ ಎದ್ದು ನಿಂತು, ಉಪನ್ಯಾಸಕರ ಮನೆ ಹೇಗಿರಬಹುದೆಂದು ಒಂದೊಂದಾಗಿ ವರ್ಣಿಸಿದ: ಮಕ್ಕಳಿಗೆ ಬೇರೆ ಕೋಣೆ, ಸ್ನಾನಕ್ಕೆ ನೀರು, ಓದಲು ಜಾಗ. ನಂತರ ತನ್ನ ಮನೆಯನ್ನು ವರ್ಣಿಸಿದ. ದಿನವಿಡೀ ದುಡಿದು ಬಂದವನಿಗೆ ಇಕ್ಕಟ್ಟಾದ ಜಾಗದಲ್ಲಿ ಹಸಿದ ಮಕ್ಕಳ ಗಲಾಟೆ ಕಾದಿರುತ್ತದೆ. ಅಂಥವರು ಹೊಡೆದರೆ ಅದು ಪ್ರೀತಿಯಿಲ್ಲದ್ದರಿಂದಲ್ಲ ಎಂದ. ಮನೆಗೆ ಮರಳುವಾಗ, ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲವೇನೋ ಎಂದು ಫ್ರೇರೆ ಹೇಳಿದಾಗ, ಅವರನ್ನು ಅರ್ಥ ಮಾಡಿಕೊಳ್ಳಬೇಕಾದವರು ನೀವೇ ಅಲ್ಲವೆ ಎಂಬ ಭಾವದ ಉತ್ತರ ಎಲ್ಜಾ ಅವರಿಂದ ಬಂದಿತು.

ಜಾನಪದ ಸಂಶೋಧಕರಿಗೆ ಈ ಪ್ರಸಂಗದ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ವಕ್ತೃ ಯಾರು, ಶ್ರೋತೃ ಯಾರು ಎಂಬ ಸಂಬಂಧ ಅಲ್ಲಿ ತಲೆಕೆಳಗಾಯಿತು. ಪ್ರಶ್ನಾವಳಿ ಹಿಡಿದು ಹೋದವರಿಗೆ ಉತ್ತರದ ಬದಲು ಪ್ರಶ್ನೆಯೇ ಎದುರಾದ ಕ್ಷಣವದು.

ಪದಲೋಕದ ಸಮೀಕ್ಷೆ

1960ರಲ್ಲಿ ರೆಸೀಫೆಯಲ್ಲಿ, ಆಗಿನ ಮೇಯರ್ ಮಿಗೆಲ್ ಅರ್ರಾಯಿಸ್ ಅವರ ಬೆಂಬಲದಿಂದ, 'ಜನಸಂಸ್ಕೃತಿ ಚಳವಳಿ' ಆರಂಭವಾಯಿತು. ಜನಪದ ರಂಗಭೂಮಿ, ಹಾಡು, ಕರಕುಶಲ ಕಲೆ, ಸಂತೆಗಳಲ್ಲಿ ದಾರಕ್ಕೆ ತೂಗುಹಾಕಿ ಮಾರುವ 'ಕೊರ್ದೆಲ್' ಎಂಬ ಪದ್ಯದ ಕಿರುಹೊತ್ತಗೆಗಳು – ಇವೆಲ್ಲ ಜೀವಂತವಾಗಿದ್ದ ಪ್ರದೇಶದಲ್ಲಿ ಹುಟ್ಟಿದ ಚಳವಳಿಯಿದು. ಇದರ ಅಂಗವಾಗಿಯೇ ಫ್ರೇರೆ ತಮ್ಮ ವಿಧಾನವನ್ನು ಮೊದಲು ಪ್ರಯೋಗಿಸಿದರು. ಆರಂಭದ ಗುಂಪಿನಲ್ಲಿದ್ದವರು ಐವರು ಮಾತ್ರ. ಅವರಲ್ಲಿಯೂ ಇಬ್ಬರು ಮೊದಲ ದಿನಗಳಲ್ಲೇ ಬಿಟ್ಟುಹೋದರು. ತರಗತಿಗೆ 'ಸಂಸ್ಕೃತಿ ಕೂಟ' ಎಂಬ ಹೆಸರು ಬಂದಿತು. ಶಿಕ್ಷಕನ ಸ್ಥಾನದಲ್ಲಿ ಸಂಯೋಜಕನಿದ್ದ, ಉಪನ್ಯಾಸದ ಸ್ಥಾನದಲ್ಲಿ ಸಂವಾದವಿತ್ತು.

ವಿಧಾನದ ಹಂತಗಳು ಹೀಗಿವೆ. ಮೊದಲು ತಂಡವೊಂದು ಆ ಪ್ರದೇಶಕ್ಕೆ ಹೋಗಿ ಜನರೊಡನೆ ಬೆರೆತು ಅವರ 'ಪದಲೋಕ'ವನ್ನು ದಾಖಲಿಸುತ್ತದೆ. ನಿತ್ಯಬಳಕೆಯ ಪದಗಳಷ್ಟೇ ಅಲ್ಲ, ಹಂಬಲ, ಸಿಟ್ಟು, ನಿರಾಸೆಗಳನ್ನು ಹೊತ್ತ ನುಡಿಗಟ್ಟುಗಳನ್ನೂ ಗುರುತಿಸಿಕೊಳ್ಳಬೇಕು. ಎರಡನೆಯದಾಗಿ ಈ ಸಂಗ್ರಹದಿಂದ ಕೆಲವೇ ಪದಗಳನ್ನು ಆರಿಸಬೇಕು. ಆಯ್ಕೆಗೆ ಮೂರು ಮಾನದಂಡಗಳು: ಧ್ವನಿಗಳ ಸಮೃದ್ಧಿ, ಧ್ವನಿಗಳ ಕ್ಲಿಷ್ಟತೆಯನ್ನು ಕ್ರಮವಾಗಿ ಪರಿಚಯಿಸುವ ಶಕ್ತಿ ಮತ್ತು ಜನರ ಬದುಕಿನೊಡನೆ ಪದಕ್ಕಿರುವ ಭಾವಸಂಬಂಧ. ಇಂಥ ಪದಗಳನ್ನು ಕನ್ನಡದಲ್ಲಿ 'ಬೀಜಪದ'ಗಳೆಂದು ಕರೆಯಬಹುದು. ಮೂರನೆಯದಾಗಿ ಪ್ರತಿ ಬೀಜಪದಕ್ಕೂ ಸಂಬಂಧಿಸಿದ ಸನ್ನಿವೇಶವೊಂದನ್ನು ಚಿತ್ರರೂಪದಲ್ಲಿ ತೋರಿಸಿ ಚರ್ಚಿಸಲಾಗುತ್ತದೆ. ಅಕ್ಷರಕ್ಕೆ ಕೈಹಾಕುವುದು ಆ ಚರ್ಚೆಯ ಅನಂತರವೇ.

ರಿಯೊ ಪ್ರಾಂತಕ್ಕಾಗಿ ಸಿದ್ಧಪಡಿಸಿದ 17 ಪದಗಳ ಪಟ್ಟಿ ಈಗಲೂ ಲಭ್ಯವಿದೆ. ಕೊಳೆಗೇರಿ, ಮಳೆ, ನೇಗಿಲು, ನಿವೇಶನ, ಊಟ, ಬಾವಿ, ಸೈಕಲ್ಲು, ಕೆಲಸ, ಸಂಬಳ, ಸರಕಾರ, ಜೌಗುನೆಲ, ಆಲೆಮನೆ, ಗುದ್ದಲಿ, ಇಟ್ಟಿಗೆ, ಸಂಪತ್ತು ಎಂಬ ಅರ್ಥದ ಪದಗಳು ಅದರಲ್ಲಿವೆ. ಇವುಗಳ ನಡುವೆ 'ಬಾತೂಕೆ' ಎಂಬ ಪದವೂ ಇದೆ. ಆಫ್ರಿಕನ್ ಮೂಲದ ವಾದ್ಯದ ಬಡಿತ ಮತ್ತು ಕುಣಿತವನ್ನು ಸೂಚಿಸುವ ಪದವಿದು. ಗುದ್ದಲಿ, ಸಂಬಳಗಳ ಸಾಲಿನಲ್ಲಿ ಕುಣಿತಕ್ಕೂ ಸ್ಥಾನ ದೊರೆತಿರುವುದು ಗಮನಾರ್ಹ. ದುಡಿಯುವವರ ಬದುಕಿನಲ್ಲಿ ಕುಣಿತ ಬಿಡುವಿನ ಅಲಂಕಾರವಲ್ಲ, ಜೀವನದ ಅಂಗ ಎಂಬ ತಿಳಿವಳಿಕೆ ಈ ಆಯ್ಕೆಯ ಹಿಂದಿದೆ.

ಇಟ್ಟಿಗೆ ಎಂಬ ಅರ್ಥದ 'ತಿಜೋಲೊ' ಪದವನ್ನು ಉದಾಹರಣೆಯಾಗಿ ನೋಡಬಹುದು. ಮೊದಲು ಕಟ್ಟಡದ ಕೆಲಸದ ಚಿತ್ರ ತೋರಿಸಿ ಚರ್ಚೆ. ಆಮೇಲೆ ಪದವನ್ನು ತಿ-ಜೋ-ಲೊ ಎಂದು ಬಿಡಿಸಿ, ಒಂದೊಂದು ತುಣುಕಿಗೂ ಅದರ ಬಳಗವನ್ನು ಬರೆಯಲಾಗುತ್ತದೆ: ತ, ತೆ, ತಿ, ತೊ, ತು, ಜ, ಜೆ, ಜಿ, ಜೊ, ಜು, ಲ, ಲೆ, ಲಿ, ಲೊ, ಲು. ಕನ್ನಡಿಗರಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ. ಇದು ನಮ್ಮ ಕಾಗುಣಿತವೇ. ಕಲಿಯುವವರು ಈ ತುಣುಕುಗಳನ್ನು ತಾವೇ ಜೋಡಿಸಿ ಹೊಸ ಪದಗಳನ್ನು ಕಟ್ಟುತ್ತಾರೆ. 'ಲೋಜಾ' ಎಂದರೆ ಅಂಗಡಿ, 'ತಾತು' ಎಂದರೆ ಚಿಪ್ಪುಳ್ಳ ಒಂದು ಕಾಡುಪ್ರಾಣಿ, 'ಲೂತಾ' ಎಂದರೆ ಹೋರಾಟ. ಇಟ್ಟಿಗೆಯೊಳಗಿನಿಂದ ಹೋರಾಟ ಹೊರಬರುವುದು ಸಂಯೋಜಕನ ಬೋಧನೆಯಿಂದಲ್ಲ, ಕಲಿಯುವವನ ಸ್ವಂತ ಜೋಡಣೆಯಿಂದ. ಮರಳಿನ ಮೇಲೆ ಬೆರಳಿಟ್ಟು ತಿದ್ದಿಸುತ್ತಿದ್ದ ನಮ್ಮ ಕೂಲಿಮಠಗಳಿಗೂ ಕಾಗುಣಿತ ಗೊತ್ತಿತ್ತು. ಆದುದರಿಂದ ಹೊಸತು ಇದ್ದದ್ದು ಕಾಗುಣಿತದಲ್ಲಲ್ಲ; ಕಾಗುಣಿತವನ್ನು ಯಾರ ಬಾಯಿಯ ಪದದಿಂದ ಹೊರಡಿಸಬೇಕು ಎಂಬ ನಿರ್ಧಾರದಲ್ಲಿ.

ಅಕ್ಷರಕ್ಕೂ ಮೊದಲು ಸಂಸ್ಕೃತಿ

ಬೀಜಪದಗಳಿಗೂ ಮುನ್ನ ಕೂಟದಲ್ಲಿ ಹತ್ತು ಚಿತ್ರಗಳ ಸರಣಿಯೊಂದನ್ನು ಚರ್ಚೆಗೆ ಇಡಲಾಗುತ್ತಿತ್ತು. ಇವನ್ನು ರಚಿಸಿದವರು ರೆಸೀಫೆಯ ಹೆಸರಾಂತ ಕಲಾವಿದ ಫ್ರಾನ್ಸಿಸ್ಕೊ ಬ್ರೆನಾಂದ್. ಬಾವಿ, ಮನೆ, ಮರಗಳ ನಡುವೆ ಗುದ್ದಲಿ ಹಿಡಿದ ರೈತ, ಬಿಲ್ಲುಬಾಣ ಹಿಡಿದ ಬೇಟೆಗಾರ, ಬಂದೂಕು ಹಿಡಿದ ಬೇಟೆಗಾರ, ಇಲಿಯನ್ನು ಹಿಡಿಯುವ ಬೆಕ್ಕು, ಮಣ್ಣಿನಿಂದ ಪಾತ್ರೆ ಮಾಡುವವರು, ಹೂವಿರಿಸಿದ ಹೂದಾನಿ, ಒಂದು ಪದ್ಯ – ಹೀಗೆ ಸರಣಿ ಸಾಗಿ, ಕೊನೆಯ ಚಿತ್ರದಲ್ಲಿ ಸಂಸ್ಕೃತಿ ಕೂಟವೇ ಕಾಣಿಸುತ್ತದೆ. ಬಾವಿಯ ನೀರು ಪ್ರಕೃತಿ, ಬಾವಿ ಸಂಸ್ಕೃತಿ. ಬೆಕ್ಕೂ ಬೇಟೆಯಾಡುತ್ತದೆ, ಆದರೆ ಬಿಲ್ಲನ್ನು ಮಾಡಲಾರದು. ಬಿಲ್ಲು ಮಾಡುವ ವಿದ್ಯೆ ಓದುಬರಹವಿಲ್ಲದೆಯೂ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ. ನಿರಕ್ಷರಿಯೂ ಸಂಸ್ಕೃತಿಯ ನಿರ್ಮಾಪಕನೇ ಎಂಬ ಅರಿವನ್ನು ಚರ್ಚೆಯಿಂದಲೇ ಮೂಡಿಸುವುದು ಸರಣಿಯ ಗುರಿ.

ತಾನೇನೂ ಅರಿಯದವನು ಎಂಬ ಭಾವನೆಯನ್ನು ನಿರಕ್ಷರಿಯ ಮೇಲೆ ಸಮಾಜವೇ ಹೇರಿರುತ್ತದೆ. ಅದನ್ನು ಕಳಚದೆ ಅಕ್ಷರ ಕಲಿಸಹೊರಟರೆ ಕೀಳರಿಮೆಗೆ ಇನ್ನೊಂದು ಪದರ ಸೇರುತ್ತದೆ ಎಂಬುದು ಫ್ರೇರೆ ಅವರ ನಿಲುವಾಗಿತ್ತು. ಜಾನಪದ ವಿದ್ವಾಂಸರು ಬಹುಕಾಲದಿಂದ ವಿದ್ವತ್‌ವಲಯದೊಳಗೆ ಪ್ರತಿಪಾದಿಸುತ್ತ ಬಂದ ಸತ್ಯವನ್ನು ಅವರು ಅದು ನಿಜವಾಗಿ ತಲುಪಬೇಕಾದವರ ಮುಂದೆಯೇ ಇಟ್ಟರು.

ಅಂಜಿಕೋಸ್ ಮತ್ತು ಮತದಾನದ ಹಕ್ಕು

1963ರ ಆರಂಭದಲ್ಲಿ ರಿಯೊ ಗ್ರಾಂದೆ ದೊ ನೊರ್ತೆ ಪ್ರಾಂತದ ಅಂಜಿಕೋಸ್ ಎಂಬ ಒಣಪ್ರದೇಶದ ಊರಿನಲ್ಲಿ ಸುಮಾರು 300 ಮಂದಿ ದುಡಿಯುವವರಿಗೆ 40 ಗಂಟೆಗಳ ಅವಧಿಯಲ್ಲಿ ಓದುಬರಹ ಕಲಿಸುವ ಪ್ರಯೋಗ ನಡೆಯಿತು. ಏಪ್ರಿಲ್ ತಿಂಗಳಲ್ಲಿ ನಡೆದ ಕೊನೆಯ ತರಗತಿಗೆ ರಾಷ್ಟ್ರಾಧ್ಯಕ್ಷ ಜೊವಾಂವ್ ಗುಲಾರ್ ಅವರೇ ಬಂದಿದ್ದರು. ಮುಂದಿನ ವರ್ಷ ದೇಶದಾದ್ಯಂತ ಸುಮಾರು 20,000 ಸಂಸ್ಕೃತಿ ಕೂಟಗಳ ಮೂಲಕ 20 ಲಕ್ಷ ಜನರನ್ನು ತಲುಪುವ ರಾಷ್ಟ್ರೀಯ ಯೋಜನೆ ರೂಪುಗೊಂಡಿತು.

ಈ ಯೋಜನೆ ಏಕೆ ಅಷ್ಟೊಂದು ಆತಂಕ ಹುಟ್ಟಿಸಿತು ಎಂಬುದನ್ನು ಅರಿಯಲು ಒಂದು ಕಾನೂನನ್ನು ನೆನಪಿಡಬೇಕು. ಬ್ರೆಜಿಲ್‌ನಲ್ಲಿ 19ನೆಯ ಶತಮಾನದ ಕೊನೆಯಿಂದಲೂ ನಿರಕ್ಷರಿಗಳಿಗೆ ಮತದಾನದ ಹಕ್ಕು ಇರಲಿಲ್ಲ. ಅದು ದೊರೆತದ್ದು 1985ರಲ್ಲಿ. ಆದ್ದರಿಂದ 1963ರಲ್ಲಿ ಒಬ್ಬ ಕೂಲಿಕಾರ ತನ್ನ ಹೆಸರನ್ನು ಬರೆಯಲು ಕಲಿತರೆ ಮತದಾರರ ಪಟ್ಟಿಗೆ ಒಂದು ಹೆಸರು ಸೇರುತ್ತಿತ್ತು. ಪ್ರಜಾಪ್ರಭುತ್ವದ ಆರಂಭದಲ್ಲೇ ನಿರಕ್ಷರಿಗಳಿಗೂ ಮತದ ಹಕ್ಕು ಪಡೆದ ಭಾರತದ ಓದುಗರಿಗೆ ಈ ವ್ಯತ್ಯಾಸ ಮುಖ್ಯವಾದುದು.

1964ರ ಏಪ್ರಿಲ್ ಆರಂಭದಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಎರಡು ವಾರಗಳೊಳಗೆ ರಾಷ್ಟ್ರೀಯ ಸಾಕ್ಷರತಾ ಯೋಜನೆ ರದ್ದಾಯಿತು. ಬ್ರೆನಾಂದ್ ಅವರ ಮೂಲ ಚಿತ್ರಗಳು ಮುಟ್ಟುಗೋಲಾದವು. ಫ್ರೇರೆ 70 ದಿನಗಳ ಸೆರೆವಾಸ ಅನುಭವಿಸಿ, ಬೊಲಿವಿಯಾದ ಮೂಲಕ ಚಿಲಿ ದೇಶಕ್ಕೆ ತೆರಳಿದರು.

ಪರದೇಶವಾಸ ಮತ್ತು ವಿಚಾರಗಳ ಪಕ್ವತೆ

ಚಿಲಿಯಲ್ಲಿ 1969ರವರೆಗೆ ಭೂಸುಧಾರಣೆಗೆ ಸಂಬಂಧಿಸಿದ ಶಿಕ್ಷಣ ಕಾರ್ಯದಲ್ಲಿ ತೊಡಗಿದ್ದಾಗಲೇ ಫ್ರೇರೆ 'ದಮನಿತರ ಶಿಕ್ಷಣಶಾಸ್ತ್ರ'ವನ್ನು ಬರೆದರು. ಈ ಕೃತಿಯ ಇಂಗ್ಲಿಷ್ ಅನುವಾದ 1970ರಲ್ಲಿ ಬಂದಿತು. ಲೇಖಕರ ಸ್ವದೇಶದಲ್ಲಿ ಪ್ರಕಟವಾಗಲು 1974ರವರೆಗೆ ಕಾಯಬೇಕಾಯಿತು. ಪ್ರಚಲಿತ ಶಿಕ್ಷಣವನ್ನು ಅವರು ಬ್ಯಾಂಕಿನ ವ್ಯವಹಾರಕ್ಕೆ ಹೋಲಿಸಿದ್ದು ಇಲ್ಲಿಯೇ. ಶಿಕ್ಷಕ ಠೇವಣಿ ಇಡುವವನು, ವಿದ್ಯಾರ್ಥಿ ಬರಿದಾದ ಖಾತೆ. ಇದಕ್ಕೆ ಪ್ರತಿಯಾಗಿ ಅವರು ಸೂಚಿಸಿದ್ದು ಸಮಸ್ಯೆಯನ್ನು ಇಬ್ಬರೂ ಕೂಡಿ ಎದುರಿಸುವ ಸಂವಾದ ಶಿಕ್ಷಣವನ್ನು. ಅದರಿಂದ ಹುಟ್ಟುವ ವಿಮರ್ಶಾತ್ಮಕ ಎಚ್ಚರ ಕ್ರಿಯೆಯಾಗಿ ಮುಂದುವರಿಯದಿದ್ದರೆ ಬರಿಯ ಮಾತಾಗುತ್ತದೆ. ಚಿಂತನೆಯಿಲ್ಲದ ಕ್ರಿಯೆ ಬರಿಯ ಗದ್ದಲವಾಗುತ್ತದೆ.

ಇದೇ ಕಾಲದ ಇನ್ನೊಂದು ಕಿರುಕೃತಿ ಕೃಷಿ ವಿಸ್ತರಣೆಯನ್ನು ಕುರಿತದ್ದು. ಕೃಷಿತಜ್ಞ ತನ್ನ ಜ್ಞಾನವನ್ನು ರೈತನವರೆಗೆ 'ವಿಸ್ತರಿಸುವುದು' ಎಂಬ ಮಾತಿನಲ್ಲಿಯೇ ರೈತನಿಗೆ ಜ್ಞಾನವಿಲ್ಲವೆಂಬ ಗ್ರಹಿಕೆ ಅಡಗಿದೆ ಎಂದು ಫ್ರೇರೆ ಅದರಲ್ಲಿ ವಾದಿಸುತ್ತಾರೆ. ಮಳೆನಕ್ಷತ್ರ, ಬೀಜ ಸಂರಕ್ಷಣೆ, ನಾಟಿ ವೈದ್ಯಗಳನ್ನು ಅಧ್ಯಯನ ಮಾಡುವವರಿಗೆ 'ದಮನಿತರ ಶಿಕ್ಷಣಶಾಸ್ತ್ರ'ಕ್ಕಿಂತ ಈ ಕಿರುಕೃತಿಯೇ ಹೆಚ್ಚು ಸಮೀಪದ್ದೆನಿಸಬಹುದು.

ಗಿನಿ-ಬಿಸಾವ್‌ನ ಪಾಠ

1970ರಿಂದ ಜಿನೀವಾದಲ್ಲಿ ವಿಶ್ವ ಚರ್ಚ್‌ಗಳ ಮಂಡಳಿಯ ಶಿಕ್ಷಣ ವಿಭಾಗದಲ್ಲಿದ್ದ ಫ್ರೇರೆ, 1975ರಿಂದ ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವ್ ದೇಶದ ಸಾಕ್ಷರತಾ ಕಾರ್ಯಕ್ಕೆ ನೆರವಾದರು. ಪೋರ್ಚುಗೀಸರ ಆಳ್ವಿಕೆಯಿಂದ ಆಗಷ್ಟೇ ಬಿಡುಗಡೆಗೊಂಡಿದ್ದ ಈ ದೇಶದ ಜನ ಹಲವು ಆಫ್ರಿಕನ್ ಭಾಷೆಗಳನ್ನೂ ಸಂಪರ್ಕಕ್ಕಾಗಿ ಕ್ರಿಯೋಲ್ ಭಾಷೆಯನ್ನೂ ಆಡುತ್ತಿದ್ದರು. ಪೋರ್ಚುಗೀಸ್ ಬಲ್ಲವರು ಅತ್ಯಲ್ಪ. ಆದರೂ ಸಾಕ್ಷರತೆಯ ಭಾಷೆಯಾಗಿ ಪೋರ್ಚುಗೀಸ್ ಆಯ್ಕೆಯಾಯಿತು. ಕ್ರಿಯೋಲ್‌ಗೆ ಆಗಿನ್ನೂ ಸ್ಥಿರವಾದ ಬರಹ ವ್ಯವಸ್ಥೆ ಇರಲಿಲ್ಲ ಎಂಬುದು ಒಂದು ಕಾರಣ. ಆಡಳಿತದ ಭಾಷೆಯನ್ನು ಬಿಡಲಾಗದೆಂಬ ನಾಯಕತ್ವದ ನಿಲುವು ಇನ್ನೊಂದು.

ಫಲಿತಾಂಶ ನಿರಾಶಾದಾಯಕವಾಗಿತ್ತು. ಸಾವಿರಾರು ಜನ ತರಗತಿಗಳಿಗೆ ಸೇರಿದರೂ ಓದುಬರಹ ಕೈವಶವಾದವರು ಬಹಳ ವಿರಳ. ಬ್ರೆಜಿಲ್‌ನಲ್ಲಿ ಪೋರ್ಚುಗೀಸ್ ಕೂಲಿಕಾರನ ಮನೆಮಾತು. ಗಿನಿ-ಬಿಸಾವ್‌ನಲ್ಲಿ ಅದೇ ಭಾಷೆ ಆಳಿದವರ ಮಾತು. ಬಾಯಲ್ಲಿಲ್ಲದ ಪದ ಬೀಜವಾಗಲಾರದು. ಭಾಷೆಯ ಈ ತೊಡಕನ್ನು ತಾವು ಅಲ್ಲಿನ ಶಿಕ್ಷಣ ಮುಖ್ಯಸ್ಥರಿಗೆ ಪತ್ರ ಮುಖೇನ ತಿಳಿಸಿದ್ದುದನ್ನು ಫ್ರೇರೆ 1987ರಲ್ಲಿ ಡೊನಾಲ್ಡೊ ಮಾಸೆಡೊ ಅವರೊಡನೆ ಪ್ರಕಟಿಸಿದ ಗ್ರಂಥದಲ್ಲಿ ಬಹಿರಂಗಪಡಿಸಿದರು. ಆದರೆ ಆ ಎಚ್ಚರಿಕೆ ಕಾರ್ಯಕ್ರಮದ ದಿಕ್ಕನ್ನು ಬದಲಿಸಲಿಲ್ಲ. ವಿಧಾನದ ಮೊದಲ ಹೆಜ್ಜೆಯಾದ ಪದಲೋಕದ ಸಮೀಕ್ಷೆಯ ತರ್ಕವನ್ನೇ ಕೈಬಿಟ್ಟರೆ ಉಳಿದ ಹೆಜ್ಜೆಗಳಿಗೆ ನೆಲೆಯಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಜಾನಪದ ನೆಲೆಯ ಕೆಲವು ಆಕ್ಷೇಪಗಳು

ಫ್ರೇರೆ ಅವರ ವಿಚಾರಗಳನ್ನು ಜಾನಪದ ನೆಲೆಯಿಂದ ಪೂರ್ಣವಾಗಿ ಒಪ್ಪಲು ಸಾಧ್ಯವಿಲ್ಲ. ಅವರು ಜನರ ಪ್ರಜ್ಞೆಯನ್ನು ಹಂತಗಳಾಗಿ ವಿಂಗಡಿಸಿ, ಘಟನೆಗಳಿಗೆ ದೈವ, ವಿಧಿ, ಮಾಟಗಳ ಕಾರಣ ಕೊಡುವ ಪ್ರಜ್ಞೆಯನ್ನು ಕೆಳಗಿನ ಹಂತದಲ್ಲಿರಿಸಿದರು. ಬರಗಾಲವನ್ನು ದೇವರ ಇಚ್ಛೆಯೆಂದು ನಂಬಿದವನು ಜಮೀನ್ದಾರನನ್ನು ಪ್ರಶ್ನಿಸಲಾರ ಎಂಬ ಅವರ ಆತಂಕ ನಿರಾಧಾರವಾದುದಲ್ಲ. ಆದರೆ ಆಚರಣೆಗಳೆಲ್ಲ ವಿಧಿವಾದವಲ್ಲ. ತುಳುನಾಡಿನ ಭೂತಾರಾಧನೆಯಲ್ಲಿ ಕೋಟಿ ಚೆನ್ನಯರ ಪಾಡ್ದನ, ಮೈಸೂರು ಸೀಮೆಯ ಮಂಟೇಸ್ವಾಮಿ, ಮಾದಪ್ಪನ ಕಾವ್ಯಗಳು ಅಧಿಕಾರವನ್ನು ಪ್ರಶ್ನಿಸುವ ದನಿಯನ್ನು ದೈವದ ಪರಿಭಾಷೆಯಲ್ಲಿಯೇ ಕಾಪಾಡಿಕೊಂಡು ಬಂದಿವೆ. ಮೌನವೆಂದು ಹೊರಗಿನವರಿಗೆ ಕಾಣುವ ಕಡೆ ಬೇರೊಂದು ನುಡಿ ನಡೆದಿರಬಹುದು.

ಎರಡನೆಯ ಪ್ರಶ್ನೆ ಆಯ್ಕೆಯದು. ನೂರಾರು ಪದಗಳಿಂದ ಹದಿನೇಳನ್ನು ಆರಿಸುವ ಅಧಿಕಾರ ತಂಡದ ಕೈಯಲ್ಲಿತ್ತು, ಕಲಿಯುವವರ ಕೈಯಲ್ಲಿರಲಿಲ್ಲ. ಮೂರನೆಯದು ಲಿಂಗದ ಪ್ರಶ್ನೆ. ಅವರ ಆರಂಭದ ಬರವಣಿಗೆಯಲ್ಲಿ ಮನುಷ್ಯನೆಂದರೆ ಗಂಡೇ ಎಂಬಂತಹ ಭಾಷೆಯಿತ್ತು. ಅಮೆರಿಕದ ಓದುಗಿತ್ತಿಯರ ಪತ್ರಗಳು ಇದನ್ನು ಎತ್ತಿ ತೋರಿಸಿದಾಗ ಫ್ರೇರೆ ತಪ್ಪನ್ನು ಒಪ್ಪಿ ತಿದ್ದಿಕೊಂಡರು. ಒಕ್ಕಣಾರರಿಂದ ತಿದ್ದಿಸಿಕೊಳ್ಳುವ ಸಂಶೋಧಕನ ಗುಣ ಇಲ್ಲಿಯೂ ಕಾಣುತ್ತದೆ.

1980ರಲ್ಲಿ ಸ್ವದೇಶಕ್ಕೆ ಮರಳಿದ ಫ್ರೇರೆ 1989ರಿಂದ 1991ರವರೆಗೆ ಸಾವೊ ಪಾಲೊ ನಗರದ ಶಿಕ್ಷಣ ಕಾರ್ಯದರ್ಶಿಯಾಗಿದ್ದರು. 1997ರ ಮೇ 2ರಂದು ನಿಧನರಾದರು. 2012ರಲ್ಲಿ ಬ್ರೆಜಿಲ್ ಅವರನ್ನು ಕಾನೂನಿನ ಮೂಲಕ ರಾಷ್ಟ್ರದ ಶಿಕ್ಷಣದ ಪೋಷಕಪುರುಷನೆಂದು ಘೋಷಿಸಿತು.

ಉಪಸಂಹಾರ

ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾದ ಮೇಲೆ, 1990ರ ಭಾರತ ಜ್ಞಾನ ವಿಜ್ಞಾನ ಜಾಥಾದ ಸಂದರ್ಭದಲ್ಲಿ ಹಾಗೂ ಆ ದಶಕದ ಆಂದೋಲನಗಳಲ್ಲಿ ಕರ್ನಾಟಕದ ಹಳ್ಳಿಗಳಲ್ಲಿಯೂ ಲಾವಣಿ, ಕೋಲಾಟ, ಬೀದಿನಾಟಕಗಳು ವ್ಯಾಪಕವಾಗಿ ಬಳಕೆಯಾದವು. ಆ ಆಂದೋಲನದ ಸಾಧನೆಯನ್ನು ಅಲ್ಲಗಳೆಯಲಾಗದು. ಆದರೆ ಬಹುಮಟ್ಟಿಗೆ ಮಟ್ಟು ಜನರದಾಗಿತ್ತು, ಮಾತು ಬೇರೆಡೆ ಬರೆದದ್ದಾಗಿತ್ತು. ಜನಪದ ಕಲೆ ಸಂದೇಶದ ವಾಹನವಾಯಿತೇ ಹೊರತು ಪಾಠದ ಮೂಲವಾಗಲಿಲ್ಲ. ತುಳು, ಕೊಡವ, ಬ್ಯಾರಿ, ಲಂಬಾಣಿ ಮನೆಮಾತಿನವರು ಗ್ರಾಂಥಿಕ ಕನ್ನಡದ ಪ್ರವೇಶಿಕೆಯ ಮುಂದೆ ಕುಳಿತಾಗ ಎದುರಾಗುವ ತೊಡಕು ಗಿನಿ-ಬಿಸಾವ್‌ನ ತೊಡಕಿನಿಂದ ಬಹಳ ದೂರದ್ದಲ್ಲ. ಕನ್ನಡವೇ ಮನೆಮಾತಾದರೂ ಪ್ರಾದೇಶಿಕ ಆಡುನುಡಿಗೂ ಪ್ರವೇಶಿಕೆಯ ಭಾಷೆಗೂ ನಡುವೆ ಅಂತರ ಇದ್ದೇ ಇದೆ.

ಬೇಸಾಯ, ನೇಯ್ಗೆ, ಕುಂಬಾರಿಕೆ, ಮೀನುಗಾರಿಕೆಗಳ ವೃತ್ತಿಪದಗಳನ್ನೂ ಗಾದೆ, ಒಗಟು, ಹಾಡುಗಳನ್ನೂ ನಮ್ಮ ವಿದ್ವಾಂಸರು ದಶಕಗಳ ಶ್ರಮದಿಂದ ಸಂಗ್ರಹಿಸಿದ್ದಾರೆ. ಬೀಜಪದಗಳನ್ನು ಆರಿಸಲು ಬೇಕಾದ ಕಣಜ ಸಿದ್ಧವಾಗಿಯೇ ಇದೆ. ಆ ಆಯ್ಕೆಯಲ್ಲಿ ಹಾಡಿದವರೂ ದುಡಿದವರೂ ಪಾಲ್ಗೊಳ್ಳುವಂತಾದರೆ ಫ್ರೇರೆ ಬಿಟ್ಟುಹೋದ ಒಂದು ಕೊರತೆಯನ್ನೂ ತುಂಬಿದಂತಾಗುತ್ತದೆ. ಜಾನಪದ ಸಂಗ್ರಹ ಮತ್ತು ವಯಸ್ಕರ ಶಿಕ್ಷಣ ಎಂಬ ಎರಡು ಕ್ಷೇತ್ರಗಳು ಇದುವರೆಗೆ ಬೇರೆ ಬೇರೆ ದಾರಿ ಹಿಡಿದಿವೆ. ಅವುಗಳನ್ನು ಕೂಡಿಸುವ ಕೆಲಸ ವಿದ್ವತ್ತಿನ ವಿಸ್ತರಣೆಯಲ್ಲ, ಪಡೆದದ್ದನ್ನು ಮರಳಿಸುವ ಕರ್ತವ್ಯ. ದೇವರ ಗೂಡಿನಲ್ಲಿರುವ ಪುಸ್ತಕವನ್ನು ಹಾಡಿದಾಕೆಯೇ ಕೆಳಗಿಳಿಸಿ ಓದುವಂತಾದಾಗ ಆ ಕರ್ತವ್ಯದ ಒಂದು ಪಾಲಾದರೂ ಸಂದಂತಾಗುತ್ತದೆ.